ಹೊಸ ಎಂಜಿನ್ನಿನ ಹಂಬಲ

ಐವತ್ತು ದಾಟಿದ ಗಂಡಸಿಗೆ ಹಿಡಿಯುವ ಹುಚ್ಚುಗಳು ಹಲವು. ಕೆಲವರು ಜಾತಕ ನೋಡಲು ಕಲಿಯುತ್ತಾರೆ. ಕೆಲವರು ಹೋಮಿಯೋಪತಿ ಗುಳಿಗೆಗಳ ಡಬ್ಬಿ ಇಟ್ಟುಕೊಂಡು ನೆರೆಹೊರೆಯವರಿಗೆಲ್ಲ ಕಾಯಿಲೆ ಹುಡುಕುತ್ತಾರೆ. ಇನ್ನು ಕೆಲವರು ಬೆಳಗಿನ ಜಾವ ಲಾಲ್‌ಬಾಗಿನಲ್ಲಿ ಕೈ ಬೀಸುತ್ತ ನಡೆದು, ನಡೆಯದವರನ್ನು ಕಂಡು ಮರುಗುತ್ತಾರೆ. ನನಗೆ ಹಿಡಿದದ್ದು ಇವಾವುದೂ ಅಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ, ಪಿಂಚಣಿಗೆ ಇನ್ನೆರಡೇ ವರ್ಷ ಉಳಿದಿದ್ದಾಗ, ನನ್ನ ಹಳೆಯ ಬುಲೆಟ್ ಮೋಟಾರು ಸೈಕಲ್ಲಿಗೆ ಹಿಂದಿನದಕ್ಕಿಂತ ಬಲವಾದ ಎಂಜಿನ್ನೊಂದನ್ನು ಹಾಕಿಸಬೇಕೆಂಬ ಹುಚ್ಚು ನನಗೆ ಹಿಡಿಯಿತು.

'ನನ್ನ ಬುಲೆಟ್' ಎಂದೆನಲ್ಲ, ಅದು ರೂಢಿಯ ಮಾತು. ಗಾಡಿ ಅಣ್ಣನದು. 1984ರಲ್ಲಿ ಅವನು ಅದನ್ನು ಕೊಂಡು ಮನೆಗೆ ತಂದಾಗ ಅಮ್ಮ ಆರತಿ ಎತ್ತಿ, ಅದು ಮಾಡಿದ ಸದ್ದಿಗೆ ಬೆಚ್ಚಿ, ತಟ್ಟೆಯನ್ನು ಬೀಳಿಸಿದ್ದಳು. ಅಂದಿನಿಂದ ಮೂವತ್ತು ವರ್ಷ ಅವನು ಅದರ ಮೇಲೆ ಸುತ್ತದ ಊರಿಲ್ಲ. ಹಂಪಿ, ಗೋಕರ್ಣ, ಕನ್ಯಾಕುಮಾರಿ ಎಲ್ಲವನ್ನೂ ಕಂಡುಬಂದ. ಪ್ರತಿ ಭಾನುವಾರ ಬೆಳಗ್ಗೆ, ಕಾಫಿಗೂ ಮುಂಚೆ, ಎಣ್ಣೆಯ ಮುಚ್ಚಳ ಬಿಚ್ಚಿ, ಅಳತೆಯ ಕಡ್ಡಿಯನ್ನು ಹಳೆಯ ಬನಿಯನ್ನಿನ ತುಂಡಿನಿಂದ ಒರೆಸಿ, ಮತ್ತೆ ಅದ್ದಿ ನೋಡುವುದು ಅವನ ಸಂಧ್ಯಾವಂದನೆ. ನಾನು ಗಾಡಿ ಕೇಳಲು ಹೋದರೆ ಎಲ್ಲಿಗೆ, ಏಕೆ ಎಂದು ಕೇಳುತ್ತಿರಲಿಲ್ಲ. "ಎಣ್ಣೆ ನೋಡಿದೆಯೇನೋ?" ಎಂದಷ್ಟೇ ಕೇಳುತ್ತಿದ್ದ.

2016ರಲ್ಲಿ ಅಣ್ಣ ತೀರಿಕೊಂಡ. ವೈಕುಂಠ ಸಮಾರಾಧನೆ ಕಳೆದ ಮೇಲೆ ಅತ್ತಿಗೆ ಬೀಗದ ಕೈಯನ್ನು ನನ್ನ ಕೈಗಿತ್ತು, "ಇದನ್ನು ನೀನೇ ತೆಗೆದುಕೊಂಡು ಹೋಗಪ್ಪ. ಇದು ಬಾಗಿಲಲ್ಲಿ ನಿಂತಿದ್ದರೆ ಅವರು ಒಳಗೇ ಇದ್ದಾರೆ ಅನ್ನಿಸುತ್ತದೆ" ಎಂದರು. ಹೀಗೆ ಅದು ನನ್ನ ಮನೆಯ ಅಂಗಳಕ್ಕೆ ಬಂದಿತು.

ಇನ್ನು ಹುಚ್ಚಿನ ಮೂಲಕ್ಕೆ ಬರುತ್ತೇನೆ. 2018ರ ಡಿಸೆಂಬರಿನಲ್ಲಿ ನಾನೂ ನನ್ನ ಮನೆಯಾಕೆಯೂ ಅವಳ ತೌರೂರಾದ ಹೆಬ್ರಿಗೆ ಬುಲೆಟ್ಟಿನ ಮೇಲೆ ಹೋಗಿದ್ದೆವು. ಹೋಗುವಾಗ ಎಲ್ಲ ಸರಿಯಿತ್ತು. ಹಿಂತಿರುಗುವಾಗ ಸೋಮೇಶ್ವರ ದಾಟಿ ಆಗುಂಬೆಯ ಘಾಟಿ ಏರುತ್ತಿದ್ದೆವು. ಅಲ್ಲಿರುವ ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ಒಂಬತ್ತನ್ನು ಎಣಿಸಿದ್ದೆ. ಹತ್ತನೆಯದಕ್ಕೆ ಹೊರಳುವಷ್ಟರಲ್ಲಿ ಎಂಜಿನ್ನು ಒಮ್ಮೆ ನರಳಿ, ಹಿಂದಿನ ಚಕ್ರವನ್ನು ಹಿಡಿದು ನಿಲ್ಲಿಸಿಬಿಟ್ಟಿತು. ಗಾಡಿ ಅಡ್ಡಡ್ಡ ಜಾರಿತು. ಕ್ಲಚ್ಚು ಹಿಡಿದದ್ದು ನನ್ನ ಬುದ್ಧಿಯಲ್ಲ, ಕೈಯ ಅಭ್ಯಾಸ. ನಾವು ನಿಂತಾಗ ತಡೆಗೋಡೆಗೂ ನನ್ನ ಮನೆಯಾಕೆಯ ಮೊಣಕಾಲಿಗೂ ಒಂದು ಗೇಣಿನ ಅಂತರವಿತ್ತು. ಗೋಡೆಯ ಆಚೆ ಬರಿಯ ಕಾಡಿನ ಹಸಿರು, ಅದರಾಚೆ ಮುಳುಗುತ್ತಿದ್ದ ಸೂರ್ಯ. ಆಗುಂಬೆಯ ಸೂರ್ಯಾಸ್ತವನ್ನು ನೋಡಲು ಜನ ದೂರದೂರದಿಂದ ಬರುತ್ತಾರಂತೆ. ನಾವಿಬ್ಬರೂ ಅದನ್ನು ಅಂದು ಪುಕ್ಕಟೆಯಾಗಿ, ಕೈಕಾಲು ನಡುಗುತ್ತ ನೋಡಿದೆವು. ಕೊನೆಗೆ ಮೀನು ಇಳಿಸಿ ಬರಿದಾಗಿದ್ದ ಟೆಂಪೋ ಒಂದು ನಮ್ಮನ್ನೂ ಗಾಡಿಯನ್ನೂ ತೀರ್ಥಹಳ್ಳಿ ಮುಟ್ಟಿಸಿತು. ಮಡಿಹುಡಿಯಲ್ಲಿ ಬೆಳೆದ ನನ್ನ ಮನೆಯಾಕೆ ಆ ವಾಸನೆಯ ನಡುವೆ ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಬೆಂಗಳೂರಿಗೆ ಬಂದ ಮೇಲೆ ನಾನು ಎಂಜಿನ್ನನ್ನು ಬೈಯತೊಡಗಿದೆ. "ಮುದಿಯಾಯಿತು, ಶಕ್ತಿಯಿಲ್ಲ, ಇಬ್ಬರನ್ನು ಹೊತ್ತು ಘಾಟಿ ಏರಲು ಅದರಿಂದಾಗದು" ಎಂದು ಕಂಡಕಂಡವರಿಗೆಲ್ಲ ಹೇಳಿದೆ. ಅಣ್ಣನ ಮಗ ಈ ಬೆಂಕಿಗೆ ತುಪ್ಪ ಸುರಿದ. "ಚಿಕ್ಕಪ್ಪ, ಎಷ್ಟು ಸಲ ಅದನ್ನೇ ರಿಪೇರಿ ಮಾಡಿಸ್ತೀರ? ದೊಡ್ಡ ಎಂಜಿನ್ ಹಾಕಿಸಿ. ಬೇಸಿಗೆಯಲ್ಲಿ ಇಬ್ಬರೂ ಲಡಾಖಿಗೆ ಹೋಗೋಣ" ಎಂದ. ಲಡಾಖ್ ಎಂಬ ಹೆಸರು ಕೇಳಿದೊಡನೆ ನನ್ನ ವಯಸ್ಸು ಇಪ್ಪತ್ತು ವರ್ಷ ಇಳಿಯಿತು. ಅಂದು ರಾತ್ರಿಯೇ ಒಂದು ನೋಟುಪುಸ್ತಕ ತೆಗೆದುಕೊಂಡು ಲೆಕ್ಕಕ್ಕೆ ಕುಳಿತೆ. ಮಗಳ ಮದುವೆಗೂ ನಾನು ಅಷ್ಟು ಚೊಕ್ಕಟವಾದ ಲೆಕ್ಕ ಬರೆದಿರಲಿಲ್ಲ.

ವಾಚಕರಿಗೆ ಈ ವಿಷಯ ಹೊಸದಾಗಿದ್ದರೆ ಎರಡು ಮಾತು ಹೇಳುತ್ತೇನೆ. ಎಂಜಿನ್ನಿನ ಗಾತ್ರವೆಂದರೆ ಎರಡು ಅಳತೆಗಳ ಆಟ. ಸಿಲಿಂಡರಿನ ಒಳಗಿನ ಅಗಲ ಬೋರು. ಅದರೊಳಗೆ ಪಿಸ್ಟನ್ನು ಏರಿ ಇಳಿಯುವ ದೂರ ಸ್ಟ್ರೋಕು. ಅಣ್ಣನ ಬುಲೆಟ್ಟಿನದು 70 ಮಿಲಿಮೀಟರು ಅಗಲ, 90 ಮಿಲಿಮೀಟರು ಏರಿಳಿತ. ಗಾತ್ರ 346 ಸಿಸಿ, ಶಕ್ತಿ ಸುಮಾರು 18 ಅಶ್ವಶಕ್ತಿ. ಅದೇ ಕಂಪನಿಯ 500ರ ಎಂಜಿನ್ನಿನಲ್ಲಿ ಅಗಲ 84, ಶಕ್ತಿ 22. 2013ರಲ್ಲಿ ಬಂದ ಕಾಂಟಿನೆಂಟಲ್ ಜಿ.ಟಿ.ಯದು 87ರ ಅಗಲ, 535 ಸಿಸಿ, 29 ಅಶ್ವಶಕ್ತಿ. ಸೋಜಿಗವೆಂದರೆ ಮೂರರಲ್ಲೂ ಏರಿಳಿತ ಅದೇ 90. ಎತ್ತರ ಬೆಳೆಯದೆ ಹೊಟ್ಟೆ ಮಾತ್ರ ಬೆಳೆದಿದೆ, ನಮ್ಮ ಬ್ಯಾಂಕಿನ ಗುಮಾಸ್ತರ ಹಾಗೆ. ಇವುಗಳ ಮೇಲೆ, ಹಿಂದಿನ ತಿಂಗಳಷ್ಟೇ ಮಾರುಕಟ್ಟೆಗೆ ಬಂದಿದ್ದ ಜೋಡಿ ಸಿಲಿಂಡರಿನ 650. ಅದರದು 47 ಅಶ್ವಶಕ್ತಿ! ಆ ಅಂಕಿಯ ಕೆಳಗೆ ನಾನು ಎರಡು ಗೆರೆ ಎಳೆದೆ.

ನೋಟುಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿರುವ ಉಸ್ತಾದರ ಬಳಿಗೆ ಹೋದೆ. ಗಾಡಿಯನ್ನು ಮೊದಲೇ ಅಲ್ಲಿಗೆ ತಲುಪಿಸಿದ್ದೆ. ಅಣ್ಣನ ಕಾಲದಿಂದಲೂ ಅವರದೇ ಕೈ. ನನ್ನ ಅಂಕಿಅಂಶಗಳನ್ನೆಲ್ಲ ಅವರು ಚಹಾ ಕುಡಿಯುತ್ತ ಕೇಳಿದರು. ಕೊನೆಗೆ, "ಸಾರ್, ಎಂಜಿನ್ ಆಮೇಲೆ. ಎಲ್ಲಿಗೆ ಹೋಗ್ತೀರ, ಯಾರನ್ನ ಕೂರಿಸ್ಕೊಂಡು ಹೋಗ್ತೀರ, ಎಷ್ಟು ಸ್ಪೀಡಲ್ಲಿ ಹೋಗ್ತೀರ, ಅದು ಹೇಳಿ" ಎಂದರು.

"ಮನೆಯವರನ್ನು ಕೂರಿಸಿಕೊಂಡು, ಅರವತ್ತರಲ್ಲಿ" ಎಂದೆ. ಸ್ವಲ್ಪ ನಾಚಿಕೆಯಾಗಿ, "ಆಗಾಗ ಎಂಬತ್ತು" ಎಂದು ಸೇರಿಸಿದೆ.

"ಎಂಬತ್ತಲ್ಲಿ ಹೋದ್ರೆ ನಿಲ್ಲಿಸೋದು ಯಾರು?" ಎಂದು ಉಸ್ತಾದರು ಮುಂದಿನ ಚಕ್ರದ ಡ್ರಮ್ಮನ್ನು ಕಾಲಿನಿಂದ ತಟ್ಟಿದರು. ನಾನು ಮನೆಗೆ ಬಂದು ಲೆಕ್ಕ ಹಾಕಿದೆ. ವೇಗ ಅರವತ್ತರಿಂದ ಎಂಬತ್ತಕ್ಕೆ ಏರಿದರೆ, ನಿಲ್ಲಿಸುವಾಗ ಬ್ರೇಕು ನುಂಗಬೇಕಾದ ಶಕ್ತಿ ಮುಕ್ಕಾಲು ಪಾಲಿಗಿಂತ ಹೆಚ್ಚು ಏರುತ್ತದೆ; ಅದು ವೇಗದ ವರ್ಗವನ್ನು ಅನುಸರಿಸುತ್ತದೆ. ಹೈಸ್ಕೂಲಿನಲ್ಲಿ ಉರುಹೊಡೆದು ಮರೆತ ಸೂತ್ರ ಉಸ್ತಾದರ ಕಾಲ ತುದಿಯಲ್ಲಿತ್ತು.

ಮುಂದೆ ಅವರು ನನ್ನ ಪಟ್ಟಿಯನ್ನು ಒಂದೊಂದಾಗಿ ಹೊಡೆದುಹಾಕಿದರು. 650 ಮತ್ತು 535ರಲ್ಲಿ ಗೇರುಪೆಟ್ಟಿಗೆ ಎಂಜಿನ್ನಿನ ಒಡಲೊಳಗೇ ಇರುತ್ತದೆ. ಅಣ್ಣನ ಗಾಡಿಯಲ್ಲಿ ಅದು ಬೇರೆ. ಅವನ್ನು ಕೂರಿಸಬೇಕಾದರೆ ಚೌಕಟ್ಟನ್ನೇ ಕೊಯ್ದು ಬೆಸುಗೆ ಹಾಕಬೇಕು. ಮೇಲಾಗಿ ಅವು ಕಾರ್ಬುರೇಟರಿನ ಮೇಲಲ್ಲ, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕಂಪ್ಯೂಟರಿನ ಮೇಲೆ ಬದುಕುತ್ತವೆ. ಆ ತಂತಿಗಳ ಸಂಸಾರವನ್ನೆಲ್ಲ ಹೊತ್ತು ತರಬೇಕು. ಹಳೆಯ 500ರದು ಹೆಚ್ಚು ಕೊಯ್ಯದೆ ಕೂತೀತು, ಏರಿನಲ್ಲಿ ಎಳೆಯುವ ಕಸುವೂ ಉಂಟು. "ಆದ್ರೆ ಸಾರ್, ಆರ್‌.ಸಿ.ಯಲ್ಲಿ ಏನು ಬರೆಸ್ತೀರ?" ಎಂದರು.

ಅದೂ ನಿಜವೇ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯ ಪ್ರಕಾರ, ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಎಂಜಿನ್ನು ಬದಲಾಯಿಸುವುದಾದರೆ ಅದೇ ತಯಾರಕರ ಅದೇ ಬಗೆಯದಾಗಿರಬೇಕು, ಅದಕ್ಕೂ ಅಧಿಕಾರಿಯ ಒಪ್ಪಿಗೆ ಬೇಕು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ವಿಧಿಯನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಮುನ್ನೂರೈವತ್ತೆಂದು ಬರೆದಿರುವ ಗಾಡಿಯಲ್ಲಿ ಐನೂರನ್ನು ಅಡಗಿಸಿಟ್ಟುಕೊಂಡು ಓಡಿಸಿ, ನಾಳೆ ಯಾರಿಗಾದರೂ ತಗುಲಿದರೆ ವಿಮೆಯವರು ಕೈ ತೊಳೆದುಕೊಳ್ಳುತ್ತಾರೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಇತರರ ಕಾಗದಪತ್ರದ ತಪ್ಪು ಹುಡುಕಿದವನಿಗೆ ಇದು ಗೊತ್ತಿರಬೇಕಿತ್ತು. ಆಸೆಗೆ ಕಣ್ಣಿಲ್ಲ.

ಆದರೂ ನಾನು ಪಟ್ಟು ಬಿಡಲಿಲ್ಲ. "ಹಾಗಾದರೆ ಈ ಕೆಟ್ಟ ಎಂಜಿನ್ನನ್ನೇ ಇಟ್ಟುಕೊಂಡು ಮತ್ತೆ ಘಾಟಿಯಲ್ಲಿ ಸಾಯಬೇಕೇ?" ಎಂದೆ.

ಉಸ್ತಾದರು ಮಾತಾಡದೆ ಒಳಗೆ ಹೋಗಿ ಒಂದು ತಟ್ಟೆ ತಂದಿಟ್ಟರು. ಅದರಲ್ಲಿ ಮೈತುಂಬ ಗೀರು ಬಿದ್ದ ಪಿಸ್ಟನ್ನು, ಕಾದು ನೀಲಿಗಟ್ಟಿದ ಕ್ರ್ಯಾಂಕಿನ ಬುಷ್ಷು, ಪಕ್ಕದಲ್ಲೊಂದು ಚಹಾದ ಗಾಜಿನ ಲೋಟ. ಲೋಟದಲ್ಲಿ ಕಾಲು ಭಾಗ ಕಪ್ಪಗಿನ ಎಣ್ಣೆ.

"ಪೂರಾ ಇಳಿಸಿದಾಗ ಸಿಕ್ಕಿದ್ದು ಇಷ್ಟೇ ಸಾರ್. ಎಂಜಿನ್ ಕೆಟ್ಟಿರಲಿಲ್ಲ. ಅದಕ್ಕೆ ಎಣ್ಣೆ ಇರಲಿಲ್ಲ."

ನಾನು ಸುಮ್ಮನೆ ಕುಳಿತೆ. ಎರಡು ವರ್ಷದಲ್ಲಿ ನಾನು ಆ ಗಾಡಿಗೆ ಹೊಸ ಸೀಟು ಹಾಕಿಸಿದ್ದೆ, ಟಾಂಕಿಗೆ ಬಂಗಾರದ ಗೆರೆ ಬರೆಸಿದ್ದೆ. ಎಣ್ಣೆಯ ಮುಚ್ಚಳವನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ಅಣ್ಣ ಇದ್ದಾಗ ಅದು ಅವನ ಕೆಲಸವಾಗಿತ್ತು. ಅವನು ಹೋದ ಮೇಲೆ ಆ ಕೆಲಸ ಯಾರದಾಯಿತೆಂದು ನಾನು ಯೋಚಿಸಿಯೇ ಇರಲಿಲ್ಲ. ಮೂವತ್ತು ವರ್ಷ ಅವನು ಕಾಪಾಡಿದ್ದನ್ನು ನಾನು ಎರಡು ವರ್ಷದಲ್ಲಿ ಕೊಂದಿದ್ದೆ. ಅವನಿದ್ದಿದ್ದರೆ ಕೇಳುತ್ತಿದ್ದ ಒಂದೇ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಲವತ್ತೇಳು ಅಶ್ವಶಕ್ತಿಯ ಕೆಳಗೆ ನಾನೆಳೆದ ಆ ಎರಡು ಗೆರೆ ಏಕೆಂಬುದು ಆಗ ಹೊಳೆಯಿತು. ಹೊಸ ಎಂಜಿನ್ನು ಬಂದರೆ ಹಳೆಯದನ್ನು ಗುಜರಿಗೆ ಹಾಕಬಹುದು. ಅದರೊಂದಿಗೆ ಈ ಲೋಟವನ್ನೂ.

ರಾತ್ರಿ ಮನೆಯಾಕೆಗೆ ಎಲ್ಲವನ್ನೂ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆಯೇ, "ಹಿಂದೆ ಕೂರುವವಳು ನಾನು. ಎಷ್ಟು ಕುದುರೆ ಬೇಕು ಅಂತ ನನ್ನನ್ನು ಒಂದು ಮಾತು ಕೇಳಿದಿರಾ?" ಎಂದಳು. ತುಸು ಹೊತ್ತು ಬಿಟ್ಟು, "ನನಗೆ ನಲವತ್ತೇಳು ಕುದುರೆ ಬೇಡ ಅಂದ್ರೆ. ಹೊರಟ ಮೇಲೆ ಊರು ಮುಟ್ಟಿಸೋ ಒಂದು ಕತ್ತೆ ಇದ್ದರೂ ಸಾಕು. ಆದರೆ ಅದಕ್ಕೆ ಹೊತ್ತಿಗೆ ಸರಿಯಾಗಿ ಹುಲ್ಲು ಹಾಕಬೇಕು" ಎಂದಳು. ಘಾಟಿಯಲ್ಲಿ ಬರಬೇಕಾಗಿದ್ದ ಬೈಗುಳ ಎರಡು ತಿಂಗಳು ತಡವಾಗಿ ಬಂತು. ನನಗೆ ಹಗುರವೆನಿಸಿತು.

ಹೀಗೆ ಅಣ್ಣನ ಎಂಜಿನ್ನೇ ಉಳಿಯಿತು. ಮೂರು ಸಲ ಕೊರೆದು ಸವೆದಿದ್ದ ಸಿಲಿಂಡರಿಗೆ ಉಸ್ತಾದರು ಹೊಸ ಸ್ಲೀವು ಹೊಡೆಸಿ ಬೋರನ್ನು ಮತ್ತೆ 70ಕ್ಕೆ ತಂದರು. ಕ್ರ್ಯಾಂಕಿಗೆ ಬುಷ್ಷಿನ ಬದಲು ರೋಲರ್ ಬೇರಿಂಗು ಹಾಕಿದರು. ಎಣ್ಣೆಯ ಪಂಪನ್ನು ಬದಲಾಯಿಸಿದರು. ಮುಂದಿನ ಬ್ರೇಕಿಗೆ ಹೊಸ ಲೈನರು ಕೂರಿಸಿದರು. ಕೇಸಿನ ಮೇಲೆ ಕೆತ್ತಿದ್ದ ಎಂಜಿನ್ ನಂಬರು ಆರ್‌.ಸಿ.ಯಲ್ಲಿ ಇದ್ದಂತೆಯೇ ಇದೆ. ಅಶ್ವಶಕ್ತಿ ಹದಿನೆಂಟಕ್ಕಿಂತ ಒಂದೂ ಹೆಚ್ಚಲಿಲ್ಲ. ಮೊದಲ ಐನೂರು ಕಿಲೋಮೀಟರು ಐವತ್ತು ಮೀರಕೂಡದೆಂದು ಅಪ್ಪಣೆಯಾಯಿತು. ಮೀರಲಿಲ್ಲ. ಸೈಕಲ್ಲಿನ ಹುಡುಗರು ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕರು. ಅಣ್ಣನ ಮಗ ಲಡಾಖಿಗೆ ಗೆಳೆಯರೊಡನೆ ಹೋಗಿ ಬಂದ. ಅವನು ತಂದು ತೋರಿಸಿದ ಚಿತ್ರಗಳನ್ನು ನೋಡುವಾಗ ಹೊಟ್ಟೆಯಲ್ಲಿ ಸ್ವಲ್ಪ ಉರಿಯಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಅದೇ ವರ್ಷ ದೀಪಾವಳಿ ಮುಗಿಸಿಕೊಂಡು ಹೆಬ್ರಿಯಿಂದ ಹೊರಟೆವು. ಹೊರಡುವ ಮೊದಲು ಮಾವನ ಮನೆಯ ಅಂಗಳದಲ್ಲಿ ಮುಚ್ಚಳ ಬಿಚ್ಚಿ, ಕಡ್ಡಿ ಒರೆಸಿ, ಅದ್ದಿ ನೋಡಿದೆ. ಎಣ್ಣೆ ಗೆರೆಯವರೆಗಿತ್ತು. ಘಾಟಿಯ ತಿರುವುಗಳನ್ನು ನಾನು ಬಾಯಲ್ಲೇ ಎಣಿಸತೊಡಗಿದೆ. ಒಂಬತ್ತು ಆಯಿತು. ಹತ್ತನೆಯದರಲ್ಲಿ ಎರಡನೆಯ ಗೇರಿಗೆ ಇಳಿಸಿದಾಗ ಹೆಗಲ ಮೇಲಿದ್ದ ಅವಳ ಕೈ ಬಿಗಿಯಾಯಿತು. ಎಂಜಿನ್ನು ತನ್ನ ಹಳೆಯ ರಾಗದಲ್ಲಿ ಢಗಢಗ ಎನ್ನುತ್ತ, ಅವಸರವಿಲ್ಲದೆ, ತಿರುವನ್ನು ಸುತ್ತಿ ಮೇಲೇರಿತು. ಹದಿನಾಲ್ಕನೆಯದು ದಾಟಿದ ಮೇಲೂ ಆ ಕೈ ಹಾಗೆಯೇ ಇತ್ತು.

ಆಗುಂಬೆಯ ಪೇಟೆಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಅವಳು ಇಳಿದು ಸೆರಗು ಸರಿಮಾಡಿಕೊಂಡು ಕೇಳಿದಳು: "ರೀ, ಎಣ್ಣೆ ನೋಡಿದಿರಾ?"

ಮತ್ತೊಮ್ಮೆ ನೋಡಿದೆ.