ಹಾಡೋರು ಎಲ್ಲಿ ಹೋದರು?

ಆದೋನಿಯವರಿಗೆ ಸದ್ದು ಹೊಸದಲ್ಲ. ದಸರೆ ಕಳೆದು ಹತ್ತಿ ಮಾರ್ಕೆಟ್ ಯಾರ್ಡಿಗೆ ಬರತೊಡಗಿದರೆ ಜಿನ್ನಿಂಗ್ ಮಿಲ್ಲುಗಳು ಗುಂಯ್‌ಗುಡುತ್ತವೆ. ಶ್ರಾವಣದಲ್ಲಿ ಉರುಕುಂದ ಈರಣ್ಣನ ದಾರಿಯುದ್ದಕ್ಕೂ ಸ್ಪೀಕರು. ವಿಜಯದಶಮಿಯ ರಾತ್ರಿ ದೇವರಗಟ್ಟಿನಲ್ಲಿ ವಾದ್ಯದ ಜೊತೆ ಬಡಿಗೆಗಳ ಸದ್ದು. ಹೀಗೆ ಪಳಗಿದ ಊರಿಗೆ ನನ್ನ ತಮ್ಮನ ಮಗ ಬೆಂಗಳೂರಿನಿಂದ ರಜೆಗೆ ಬಂದವನು, ಪ್ರಾಯೋಗಿಕ ಎಲೆಕ್ಟ್ರಾನಿಕ್ ಸಂಗೀತವೆಂಬುದನ್ನು ಸಿಕ್ಕಸಿಕ್ಕವರ ಕಿವಿಗೆ ತೊಡಿಸತೊಡಗಿದ. ಅದರಲ್ಲಿ ಪದವಿಲ್ಲ, ತಾಳವಿಲ್ಲ, ಪಲ್ಲವಿಯಿಲ್ಲ. ಒಂದು ಸ್ವರ ಹಿಡಿದರೆ ಎಷ್ಟು ಹೊತ್ತಾದರೂ ಅಲ್ಲೇ ಠಿಕಾಣಿ.

ಮಂತ್ರಾಲಯಕ್ಕೆ ಹೋಗಿ ದಾಸರ ಪದ ಹಾಡಿ ಬರುವ ನಮ್ಮ ಅತ್ತೆ ತಾಳ್ಮೆಯಿಂದಲೇ ಕೇಳಿದರು. "ಶ್ರುತಿ ಏನೋ ಛಲೋ ಅದ. ಹಾಡೋರು ಎಲ್ಲಿ ಹೋದರೋ?" ಅಂದರು. ಆಯುಷ್ಯವೆಲ್ಲ ಜಿನ್ನಿನ ಮುಂದೆ ಕಳೆದ ಪಕ್ಕದ ಮನೆಯ ಕಾಕಾ ಅಷ್ಟೂ ತಡೆಯಲಿಲ್ಲ. ಹೆಡ್‌ಫೋನ್ ಕಿತ್ತಿಟ್ಟು, "ಇದನ್ನ ಕೇಳಾಕ ನಮಗ ಪಗಾರ ಕೊಡ್ತಿದ್ರಪ್ಪಾ. ನೀನು ರೊಕ್ಕ ಕೊಟ್ಟು ಕೇಳ್ತೀಯೇನು?" ಎಂದರು.

"ಇವರಿಗೆಲ್ಲ ಅರ್ಥ ಆಗಲ್ಲ ಬಿಡಿ, ದೊಡ್ಡಪ್ಪ" ಎಂದ ಹುಡುಗ. ನನಗೇನೋ ಇಬ್ಬರೂ ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದಾರೆ ಅನ್ನಿಸಿತು.

ಅತ್ತೆಯ ಪ್ರಶ್ನೆಯನ್ನೇ ನೋಡಿ. ಅಮೆರಿಕದ ಲಾ ಮಾಂಟೆ ಯಂಗ್ ದೀರ್ಘಸ್ವರದ ಹುಚ್ಚು ಹಿಡಿಸಿಕೊಂಡಿದ್ದ ಸಂಗೀತಗಾರ. 1970ರಲ್ಲಿ ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥ್ ಅಲ್ಲಿಗೆ ಹೋದಾಗ ಅವರ ಶಿಷ್ಯನಾದ. ನ್ಯೂಯಾರ್ಕಿನ ಚರ್ಚ್ ಸ್ಟ್ರೀಟಿನಲ್ಲಿ 1993ರಲ್ಲಿ ಅವನೂ ಮರಿಯನ್ ಜಜೀಲಾಳೂ ಸೇರಿ ತೆರೆದ 'ಡ್ರೀಮ್ ಹೌಸ್' ಎಂಬ ಕೋಣೆಯಲ್ಲಿ ಯಂತ್ರ ಹೊರಡಿಸುವ ಸ್ವರಗಳು ನಿಂತಲ್ಲೇ ನಿಂತಿರುತ್ತವೆ. ಕೇಳುವವರು ಒಳಗೆ ಅಡ್ಡಾಡುತ್ತಾರೆ. ಅತ್ತೆ ಸವೆಯುವಷ್ಟು ಕೇಳಿದ ದಾಸವಾಣಿಯ ಭೀಮಸೇನ ಜೋಶಿಯವರೂ ಕಿರಾನಾದವರೇ. ಇಲ್ಲಿ ಶ್ರುತಿಯ ಮೇಲೆ ಹಾಡು ಕೂತಿತು; ಅಲ್ಲಿ ಶ್ರುತಿಯೇ ಕಛೇರಿಯಾಯಿತು. ಹಾಡೋರು ಎಲ್ಲಿ ಹೋದರು ಎಂದು ಕೇಳಿದ ಅತ್ತೆ ವಿಮರ್ಶಕರು ಪುಟಗಟ್ಟಲೆ ಬರೆಯುವುದನ್ನು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಯಂತ್ರದ ದನಿ ಅವರಿಗೆ ಒಗ್ಗದು ಎನ್ನುವಂತೆಯೂ ಇಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯ ಸಂತತಿಯೊಂದು ಅವರ ದೇವರ ಕೋಣೆಯಲ್ಲೇ ಇದೆ. ಬೆಳಗಿನ ಹಾಡಿಗೆ ಅದೇ ಆಸರೆ. ಅಡ್ಡಿ ಇರುವುದು ನಿರೀಕ್ಷೆಯಲ್ಲಿ. ಹಾಡು ಕೇಳುವ ಕಿವಿ ಒಂದು ಹೆಜ್ಜೆ ಮುಂದೆಯೇ ಇರುತ್ತದೆ: ಅನುಪಲ್ಲವಿ ಮುಗಿಯುತ್ತಿದ್ದಂತೆ ಪಲ್ಲವಿಯನ್ನು ಎದುರುಗೊಳ್ಳಲು ಹೊರಟುಬಿಡುತ್ತದೆ. ಆ ಎದುರುನೋಟ ತಡವಾಗುವುದರಲ್ಲಿ, ತಪ್ಪುವುದರಲ್ಲಿ, ಕೈಗೂಡುವುದರಲ್ಲಿ ಸಂಗೀತದ ಭಾವ ಹುಟ್ಟುತ್ತದೆ ಎಂದು ಲಿಯೊನಾರ್ಡ್ ಮೇಯರ್ 1956ರಷ್ಟು ಹಿಂದೆಯೇ ವಾದಿಸಿದ್ದ. ಎಲ್ಲಿಗೂ ಹೋಗದ ಸ್ವರದೆದುರು ಅಂಥ ಕಿವಿ, ರದ್ದಾದ ಬಸ್ಸಿಗೆ ಕಾದು ನಿಂತವನಂತೆ ಸಿಡಿಮಿಡಿಗೊಳ್ಳುತ್ತದೆ. ಬಸ್ಸೇ ಬೇಡದವನು ಕಟ್ಟೆಯ ಮೇಲೆ ಕೂತು ಬೀದಿ ನೋಡುತ್ತಾನೆ. ನಮ್ಮ ಹುಡುಗ ಆ ಜಾತಿಯವನು. ಒಂದೇ ಸ್ವರವೆಂದು ನಮಗೆ ಕೇಳುವುದರೊಳಗೆ ಅವನಿಗೆ ನಾಲ್ಕಾರು ಸ್ವರ ಏಳುತ್ತವೆ, ಮುಳುಗುತ್ತವೆ. ತಂಬೂರಿಯ ತಂತಿಯಡಿ ನೂಲಿನೆಳೆ ತೂರಿಸಿ, ಸರಿಯಾದ ಜಾಗಕ್ಕೆ ಸರಿಸಿದಾಗ ಜೀವ ಬರುತ್ತದಲ್ಲ, ಆ ಸುಖ.

ಕಾಕಾನ ಸಂಗತಿ ಬೇರೆ. ಪ್ಯಾರಿಸ್ಸಿನ ಪಿಯರ್ ಶೆಫೆರ್ 1948ರಲ್ಲಿ ರೈಲುಗಳ ಸದ್ದು ಹಿಡಿದು ಜೋಡಿಸಿ ಸಂಗೀತವೆಂದು ಕೇಳಿಸಿದ. ಸದ್ದು ಎಲ್ಲಿಂದ ಬಂತೆಂಬುದನ್ನು ಬಿಟ್ಟು ಸದ್ದನ್ನಷ್ಟೇ ಕೇಳಿ ಎಂಬುದು ಅವನ ಬೇಡಿಕೆ. ಕಾಕಾ ಅದನ್ನು ಬಿಡುವುದಾದರೂ ಹೇಗೆ? ಆ ಗುಂಯ್‌ಕಾರದಲ್ಲಿ ಅವರಿಗೆ ಜಾರಲಿರುವ ಬೆಲ್ಟು, ಕಾಯುತ್ತಿರುವ ರೋಲರು, ಬೈಯಲು ಬರುತ್ತಿರುವ ಮೇಸ್ತ್ರಿ, ಸಿಕ್ಕಿಕೊಳ್ಳಬಹುದಾದ ಬೆರಳು ಎಲ್ಲವೂ ಕೇಳುತ್ತವೆ. ಎಚ್ಚರ ತಪ್ಪಬಾರದ ಕಡೆ ಮೈಮರೆಯುವುದಕ್ಕೆ ಆಗುವುದಿಲ್ಲ. ನಿಲ್ಲಿಸುವ ಗುಂಡಿ ತನ್ನ ಕೈಯಲ್ಲಿದೆ ಎಂಬ ಭರವಸೆಯಿದ್ದವನಿಗೆ ಮಾತ್ರ ಯಂತ್ರದ ಮೊರೆತ ಸಂಗೀತವಾದೀತು. ಕಾಕಾನ ಕೈಯಲ್ಲಿ ಆ ಗುಂಡಿ ಎಂದೂ ಇರಲಿಲ್ಲ.

ಆದರೆ ಕಿವಿ ಇತ್ತು. ಸಂಜೆ ಹುಡುಗ ಜಿನ್ನಿನ ಸದ್ದನ್ನು ರೆಕಾರ್ಡ್ ಮಾಡಬೇಕೆಂದಾಗ ಕಾಕಾ ಪಾಠವನ್ನೇ ಶುರುಮಾಡಿದರು. ಹಸಿ ಹತ್ತಿ ಬಂದರೆ ದನಿ ದಪ್ಪ, ಚರ್ಮದ ರೋಲರು ಸವೆದರೆ ದನಿ ಒಡಕು. ಸಂಗೀತವೇ ಅಲ್ಲವೆಂದವರು ಅದರ ಗಮಕಗಳನ್ನೆಲ್ಲ ಬಿಡಿಸಿ ಹೇಳುತ್ತಿದ್ದರು. ಹುಡುಗ ಫೋನಿನಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ರುಚಿಸದವನಿಗೆ ಕಿವಿಯೇ ಇಲ್ಲ ಎಂದುಕೊಳ್ಳುವವರು ಇದನ್ನು ನೋಡಬೇಕಿತ್ತು.

ನನ್ನ ಪಕ್ಷ ಯಾವುದೆಂದು ಹುಡುಗ ಪಟ್ಟು ಹಿಡಿದು ಕೇಳಿದ. ಹತ್ತು ನಿಮಿಷ ನಿನ್ನ ಪಕ್ಷ, ಆಮೇಲೆ ಅತ್ತೆಯ ಪಕ್ಷ ಅಂದೆ.