ದೊಡ್ಡ ತೋಟಾ, ಸಣ್ಣ ಯಂತ್ರ

ಊರಿನಲ್ಲಿ ಹಿರಿಯ ಎನ್ನಿಸಿಕೊಂಡವನಿಗೆ ಒಂದು ಕಷ್ಟವಿದೆ. ಗೊತ್ತಿರಲಿ, ಬಿಡಲಿ, ಕೇಳಿದ್ದಕ್ಕೆಲ್ಲ ಸಲಹೆ ಕೊಡಬೇಕು. ಬೋರ್‌ವೆಲ್‌ಗೆ ಪಾಯಿಂಟ್ ಎಲ್ಲಿ, ಹುಡುಗಿಗೆ ಬಂದ ಗಂಡು ಹೇಗೆ, ದ್ರಾಕ್ಷಿ ಕಿತ್ತು ಹೂವು ಹಾಕಿದರೆ ಗಿಟ್ಟೀತೇ ಎಂಬ ಪ್ರಶ್ನೆಗಳಿಗೆಲ್ಲ ನಮ್ಮೂರು ರಾಜಘಟ್ಟದ ಅರಳಿಕಟ್ಟೆಯ ಮೇಲೆ ಕೂತು ಧಾರಾಳವಾಗಿ ಅಪ್ಪಣೆ ಕೊಟ್ಟವನು ನಾನು. ಆದರೆ ಟೆಕ್ಸಾಸ್‌ನಲ್ಲಿರುವ ಅಣ್ಣನ ಮಗ ವಿಡಿಯೊ ಕಾಲ್ ಮಾಡಿ, "ಚಿಕ್ಕಪ್ಪ, ದೊಡ್ಡ ರೈಫಲ್ಲಿನ ಖಾಲಿ ತೋಟಾ ತಿರುಗಿ ತುಂಬೋಕೆ ಯಾವ ಪ್ರೆಸ್ ತಗೊಳ್ಳಲಿ?" ಎಂದಾಗ ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ಸ್ವಲ್ಪ ಹೊತ್ತು ಕಳೆದೆ.

ಇದಕ್ಕೆಲ್ಲ ಮೂಲ ಕೆನೆತ್ ಆ್ಯಂಡರ್ಸನ್. ಬೆಂಗಳೂರಿನ ಈ ಶಿಕಾರಿಯ ಮೊದಲ ಪುಸ್ತಕ ಬಂದದ್ದು 1954ರಲ್ಲಿ. ಪೂರ್ಣಚಂದ್ರ ತೇಜಸ್ವಿ ಆ ಕಥೆಗಳನ್ನು ಕನ್ನಡಕ್ಕೆ ತಂದ ಮೇಲೆ ನಮ್ಮ ಮನೆಯಲ್ಲಿ ಹುಡುಗರಿಗೆ ರಾತ್ರಿ ಊಟವಾದ ನಂತರ ಮಾಗಡಿಯ ಚಿರತೆಯೋ ಜಾಲಹಳ್ಳಿಯ ಕುರ್ಕನೋ ಆಗಲೇಬೇಕಿತ್ತು. ಇವನು ಕಂಬಳಿಯೊಳಗಿಂದ ಮೂಗಷ್ಟೇ ಹೊರಗಿಟ್ಟು ಕೇಳುತ್ತಿದ್ದ. ಕಥೆಯ ನರಭಕ್ಷಕಗಳೆಲ್ಲ ಅವನಿಗೆ ಮರೆತುಹೋದವು. ಮರೆಯದೆ ಉಳಿದದ್ದು ಆ್ಯಂಡರ್ಸನ್ನರ .405 ವಿಂಚೆಸ್ಟರ್ ರೈಫಲ್ ಒಂದೇ.

ಜಾನ್ ಬ್ರೌನಿಂಗ್ ರೂಪಿಸಿದ 1895ರ ಮಾದರಿಯ ಈ ಬಂದೂಕಿಗೆ .405 ತೋಟಾ ಬಂದದ್ದು 1904ರಲ್ಲಿ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾದ ಶಿಕಾರಿಗೆ ಒಯ್ದದ್ದೂ ಇದನ್ನೇ. ಕಾಲಾಂತರದಲ್ಲಿ ರೈಫಲ್ ತಯಾರಿಕೆ ನಿಂತಿತು, ಹಿಂದೆಯೇ ತೋಟಾದ ತಯಾರಿಕೆಯೂ ನಿಂತಿತು. ಇದ್ದ ಹಿತ್ತಾಳೆ ಚಿಪ್ಪುಗಳನ್ನೇ ಮತ್ತೆಮತ್ತೆ ತುಂಬಿಕೊಂಡು ಆ ಬಂದೂಕಿನ ಉಸಿರು ಉಳಿಸಿದವರು ಮನೆಯ ಶೆಡ್ಡುಗಳಲ್ಲಿ ಕೂತ ಹವ್ಯಾಸಿಗಳು. ಬಹುಕಾಲದ ಮೇಲೆ ಕಂಪನಿಗಳು ಮತ್ತೆ ಅದನ್ನು ಮಾಡತೊಡಗಿದವು. ನಮ್ಮ ಹುಡುಗನೂ ಒಂದು ಕೊಂಡ. ಅಂಗಡಿಯ ತೋಟಾದ ಬೆಲೆ ಕೇಳಿದ ಮೇಲೆ ಅವನಿಗೆ ನಮ್ಮ ವಂಶದ ಜಿಪುಣತನ ನೆನಪಾಯಿತು.

ಫೋನಿನಲ್ಲಿ ಒಂದು ಖಾಲಿ ಚಿಪ್ಪನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದ. ಉದ್ದ ಎರಡೂವರೆ ಅಂಗುಲಕ್ಕೂ ತುಸು ಹೆಚ್ಚು. ಬಾಯಿ ಮಸಿಯಾಗಿತ್ತು, ತಳದ ಕೇಪಿನಲ್ಲಿ ಪಿನ್ನು ಹೊಡೆದ ಸಣ್ಣ ಗುಳಿ. ಮದ್ದು ಸಿಡಿದಾಗ ಹಿತ್ತಾಳೆ ಉಬ್ಬಿ ನಳಿಗೆಯ ಗೋಡೆಗೆ ಅಂಟುತ್ತದಂತೆ. ಅದಕ್ಕೆ ಗ್ರೀಸ್ ಸವರಿ ಉಕ್ಕಿನ ಅಚ್ಚಿನೊಳಕ್ಕೆ ಒತ್ತಿ ಮೊದಲಿನ ಗಾತ್ರಕ್ಕೆ ತರಬೇಕು. ಸುಟ್ಟ ಕೇಪು ಕಿತ್ತು ಹೊಸದು ಕೂರಿಸಬೇಕು. ಮದ್ದು ತೂಗಿ ಹಾಕಬೇಕು. ಆ ತೂಕದ ಲೆಕ್ಕ ಗ್ರೇನಿನಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ಅಕ್ಕಸಾಲಿಯ ಗುಲಗಂಜಿಯ ಅರ್ಧದಷ್ಟು. ಕೊನೆಗೆ 300 ಗ್ರೇನಿನ, ಅಂದರೆ 19 ಗ್ರಾಮಿನ ಗುಂಡನ್ನು ಮೇಲೆ ಕೂರಿಸಿ ಒತ್ತಬೇಕು. ಗ್ರೀಸ್ ಮರೆತರೆ ಚಿಪ್ಪು ಅಚ್ಚಿನಲ್ಲೇ ಕಚ್ಚಿಕೊಳ್ಳುತ್ತದೆ. ಎಣ್ಣೆ ಸವರದ ಚಕ್ಕುಲಿ ಒರಳಿನಲ್ಲಿ ಹಿಟ್ಟು ಕಚ್ಚಿದ ಹಾಗೆ ಎಂದೆ. ಅದೇ ಎಂದ. ಅಲ್ಲಿಂದ ನನಗೆ ಸಲಹೆ ಕೊಡುವ ಧೈರ್ಯ ಬಂತು.

ಹೀಗೆ ಚಿಪ್ಪನ್ನು ಅಚ್ಚಿಗೆ ಒತ್ತುವ ಯಂತ್ರವೇ ಪ್ರೆಸ್. ಅದರಲ್ಲಿ ಮೂರು ಜಾತಿ. ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಸಿಂಗಲ್ ಸ್ಟೇಜ್. ಅಚ್ಚುಗಳನ್ನೆಲ್ಲ ತಲೆಯ ಮೇಲೆ ಹೊತ್ತು ತಿರುಗಿಸಿಕೊಳ್ಳುವ ಟರೆಟ್. ಇವೆರಡಕ್ಕೂ ಮಿಗಿಲು, ಒಮ್ಮೆ ಹಿಡಿ ಎಳೆದರೆ ಒಂದು ತೋಟಾ ಸಿದ್ಧಮಾಡಿ ಉರುಳಿಸುವ ಪ್ರೋಗ್ರೆಸಿವ್. ಹುಡುಗನ ಮನಸ್ಸು ಮೂರನೆಯದರ ಮೇಲೆ. ಅದರಲ್ಲಿ ಸಲಾಕೆ, ಸ್ಪ್ರಿಂಗು, ತಿರುಗುವ ತಟ್ಟೆ ಎಲ್ಲ ಇವೆ, ನೋಡಲು ಚೆಂದ. "ತಿಂಗಳಿಗೆ ಎಷ್ಟು ಗುಂಡು ಹಾರಿಸ್ತೀಯೋ?" ಎಂದೆ. "ಇಪ್ಪತ್ತು ಆದ್ರೆ ಹೆಚ್ಚು ಚಿಕ್ಕಪ್ಪ, ಭುಜ ತಡೆಯಲ್ಲ" ಎಂದ. "ಹಾಗಾದ್ರೆ ಮಿಕ್ಕಿದ್ದನ್ನ ಏನ್ ಮಾಡ್ತೀಯ, ಸಂತೆಗೆ ಹಾಕ್ತೀಯಾ?"

ದೊಡ್ಡ ತೋಟಾಕ್ಕೆ ಬೇಕಾದದ್ದು ವೇಗವಲ್ಲ, ಬಲ. ಉದ್ದನೆ ಚಿಪ್ಪು, ಅದರ ಮೇಲೆ ಗುಂಡು, ಎರಡೂ ಹಿಡಿಸುವಷ್ಟು ಎತ್ತರದ ಬಾಯಿ ಪ್ರೆಸ್‌ಗಿರಬೇಕು. ಒತ್ತುವಾಗ ಚೌಕಟ್ಟು ಬಾಗಬಾರದು. ಅದಕ್ಕೇ ಒಂದು ಕಡೆ ತೆರೆದ ಚೌಕಟ್ಟಿಗಿಂತ ಸುತ್ತಲೂ ಮುಚ್ಚಿದ ಎರಕದ ಕಬ್ಬಿಣವೇ ವಾಸಿ. ಈ ಬಗೆಯದರಲ್ಲಿ ಹೆಸರಾದದ್ದು ಆರ್‌ಸಿಬಿಎಸ್ ಕಂಪನಿಯ ರಾಕ್ ಚಕರ್. ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್ ಎಂಬಾತ 1943ರಲ್ಲಿ ಕಟ್ಟಿದ ಈ ಕಂಪನಿಯ ಹೆಸರಿನೊಳಗೆ ಕೂತಿರುವುದು ರಾಕ್ ಚಕ್ ಎಂಬ ಬೆಟ್ಟದ ದಂಶಕ. ಆನೆ ಬೇಟೆಗಾರರ ತೋಟಾಕ್ಕೂ ಹೆಗ್ಗಣದ ಬಳಗದ ಪ್ರಾಣಿಯೇ ಕುಲದೇವರು! ಸಿಂಗಲ್ ಸ್ಟೇಜಿನ ಇನ್ನೊಂದು ಗುಣ, ಪ್ರತಿ ಹೆಜ್ಜೆಯಲ್ಲೂ ಪ್ರತಿ ಚಿಪ್ಪಿನೊಳಗೆ ಇಣುಕಿ ನೋಡಲು ಪುರುಸೊತ್ತು ಕೊಡುವುದು. ಮದ್ದು ಹೆಚ್ಚಾದರೆ ಕೆನ್ನೆಗೆ ಒತ್ತಿಕೊಂಡ ರೈಫಲ್ಲೇ ಸಿಡಿಯಬಹುದು. ಅಂಥ ಕಡೆ ನಿಧಾನವೇ ವಿಮೆ.

ನಮ್ಮಪ್ಪನ ಬಳಿಯೂ ಲೈಸೆನ್ಸಿನ ಒಂದು ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಮತ್ತೆ ನಾರು ತುರುಕಿ ಗಜದಿಂದ ಜಡಿಯುವ ಹೊತ್ತಿಗೆ ಕಡಲೆಕಾಯಿ ಹೊಲದ ಹಂದಿಗಳು ಉಂಡು, ಕೈ ತೊಳೆದು, ಪಕ್ಕದ ಹೊಲಕ್ಕೆ ಹೋಗಿರುತ್ತಿದ್ದವು. ಚುನಾವಣೆ ಬಂತೆಂದರೆ ಕೋವಿ ಠಾಣೆಗೆ ಹೋಗಿ ಮಲಗುತ್ತಿತ್ತು. ಹಂದಿಗಳಿಗೂ ಅದು ಗೊತ್ತು ಎಂದು ಅಪ್ಪ ನಂಬಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯ ಮಾತೂ ಮುಗಿಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವಂತೆಯೂ ಇಲ್ಲ. ಹಾಗಾಗಿ ಹುಡುಗನ ಹವ್ಯಾಸ ಅಲ್ಲಿಗೆ ಸರಿ, ಇಲ್ಲಿಗಲ್ಲ. ಅಪ್ಪ ಹೋದ ಮೇಲೆ ಆ ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಿದೆವು. ಅದನ್ನು ತೂಗುಹಾಕುತ್ತಿದ್ದ ಗೂಟದಲ್ಲಿ ಈಗ ನನ್ನ ಛತ್ರಿ ಇದೆ.

"ನಮ್ಮೂರಿಗೂ ಅಚ್ಚಿಗೂ ಹಳೇ ನಂಟು ಕಣೋ" ಎಂದೆ. 1975ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ.ಎಸ್. ಕೃಷ್ಣಮೂರ್ತಿಯವರು ರಾಜಘಟ್ಟದ ಬೂದಿಮಣ್ಣಿನಲ್ಲಿ ಬೌದ್ಧರ ಕುರುಹು ಕಂಡರು. 2001ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದವರು ಅಗೆದಾಗ ಚೈತ್ಯವೂ ವಿಹಾರವೂ ಹೊರಬಂದವು. ಜೊತೆಗೆ ಕೈಯಲ್ಲಿ ಹಿಡಿಯುವಂಥ ಮಣ್ಣಿನ ಪುಟ್ಟ ಸ್ತೂಪಗಳು, ಅವುಗಳ ಹೊಟ್ಟೆಯಲ್ಲಿ ಮುದ್ರೆಯೊತ್ತಿದ ಮಣ್ಣಿನ ಬಿಲ್ಲೆಗಳು. ಹರಕೆ ಹೊತ್ತವರು ಒಪ್ಪಿಸಿ ಹೋದವು. ಒಂದು ಚಿಪ್ಪು, ಅದರೊಳಗೆ ಒಂದು ತುಂಬು. ಆದರೆ ಇವರು ತುಂಬಿದ್ದು ಯಾರನ್ನೂ ಹೊಡೆಯಲಿಲ್ಲ. ಸಾವಿರ ವರ್ಷ ಮೀರಿ ಮಣ್ಣಿನಡಿ ಇದ್ದೂ ಕೆಟ್ಟಿಲ್ಲ. ಹುಡುಗ ನಕ್ಕು, "ನಾನೂ ಕಾಗದದ ಗುರಿಗೇ ಹೊಡೆಯೋದು ಚಿಕ್ಕಪ್ಪ" ಎಂದ. ಆ್ಯಂಡರ್ಸನ್ನರ ಬಂದೂಕು ಹಿಡಿದು ರಟ್ಟಿಗೆ ಹೊಡೆಯುವ ಕಾಲ ಬಂದದ್ದು ಹುಲಿಗಳ ಪುಣ್ಯ.

ಕೊನೆಗೆ ತೀರ್ಪು ಕೊಟ್ಟೆ: ಸಿಂಗಲ್ ಸ್ಟೇಜ್, ಎರಕದ ಕಬ್ಬಿಣ, ಎತ್ತರದ ಬಾಯಿ. ಉಳಿದ ದುಡ್ಡಿನಲ್ಲಿ ಒಳ್ಳೆಯ ತಕ್ಕಡಿ. ಅವನು ಒಪ್ಪಿ ಕೊಂಡೂಕೊಂಡ. ನಮ್ಮೂರಿನಲ್ಲಿ ಒಂದೆಕರೆ ಜಮೀನಿಗೆ ಸಾಲ ಮಾಡಿ ದೊಡ್ಡ ಟ್ರಾಕ್ಟರ್ ತಂದು, ಈಗ ಅದರ ಕಂತಿಗಾಗಿ ಪಕ್ಕದವರ ಹೊಲ ಉಳುತ್ತಿರುವವರು ಇದ್ದಾರೆ. ಅವರಿಗೂ ನಿಮಗೂ ನಾನು ಹೇಳುವುದು ಇಷ್ಟೇ: ಯಾವ ಯಂತ್ರವನ್ನಾದರೂ ಕೊಳ್ಳಿ, ಆದರೆ ಅಂಗಡಿಗೆ ಹೋಗುವ ಮೊದಲು ನಿಮ್ಮ ಕೆಲಸ ಎಷ್ಟಿದೆಯೆಂದು ಎಣಿಸಿಕೊಳ್ಳಿ. ಅಂಗಡಿಯವನು ಅದನ್ನು ಎಣಿಸಿಕೊಡುವುದಿಲ್ಲ.