ಅತ್ತೆಯ ಜೊತೆ ಊರಿಗೆ

ಸಂಜೆ ಐದೂವರೆಗೆ ಕಾಫಿ ಲೋಟ ಕೆಳಗಿಟ್ಟ ಕೂಡಲೇ ನಮ್ಮತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಲ್ಲುತ್ತಾರೆ. "ನಡಿಯಮ್ಮ, ಊರಿಗೆ ಹೋಗೋಣ. ಪೂಜೆಗೆ ಹೊತ್ತಾಯ್ತು."

ಪೂಜೆ ಎಂದರೆ ನಮ್ಮ ಚರ್ಚಿನ ಬಲಿಪೂಜೆ. ಊರು ಎಂದರೆ ಹಾಸನದ ಹತ್ತಿರದ ಶೆಟ್ಟಿಹಳ್ಳಿ. ಅವರು ನಿಂತಿರುವುದೋ ಬೆಂಗಳೂರಿನ ಜಯನಗರದ ನಮ್ಮ ಮನೆಯ ಹಾಲಿನಲ್ಲಿ! ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಮುಗಿದದ್ದು 1979ರಲ್ಲಿ. ಆ ನೀರಿಗೆ ಅವರ ಊರು ಹೋಗಿ ನಲವತ್ತು ವರ್ಷದ ಮೇಲಾಯಿತು.

ಮನೆಯಲ್ಲಿ ಮರೆವಿನ ಹಿರಿಯರಿರುವ ಸೋದರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಮೊದಲು ಸಮಾಧಾನದಿಂದ ಉತ್ತರ ಕೊಡುತ್ತೀರಿ. ಆಮೇಲೆ ಕೇಳಿಸದ ಹಾಗೆ ಪಾತ್ರೆ ತೊಳೆಯುತ್ತೀರಿ. ನಾನು ಅದನ್ನೂ ದಾಟಿದೆ. ಒಂದು ಸಂಜೆ ಒಲೆಯ ಮೇಲೆ ಒಗ್ಗರಣೆ ಸೀಯುತ್ತಿತ್ತು, ಬಾಗಿಲಲ್ಲಿ ಗ್ಯಾಸಿನವನು ನಿಂತಿದ್ದ, ಇವರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿದ್ದರು. "ಎಲ್ಲಿದೆ ನಿಮ್ಮ ಊರು? ಮುಳುಗಿಹೋಯ್ತು ಅತ್ತೆ, ಮುಳುಗಿಹೋಯ್ತು!" ಎಂದು ಕೂಗಿಬಿಟ್ಟೆ.

ಆ ಸುದ್ದಿ ಅವರಿಗೆ ಆವತ್ತೇ ತಲುಪಿದಂತಾಯಿತು. "ಯಾವಾಗ? ನಮ್ಮಪ್ಪಯ್ಯ ಎಲ್ಲಿ?" ಎಂದು ಕೇಳುತ್ತಾ ಬಾಗಿಲ ಹೊಸ್ತಿಲ ಮೇಲೇ ಕೂತು ಅತ್ತರು. ಹತ್ತು ನಿಮಿಷಕ್ಕೆ ಅವರು ಮರೆತರು. ಮರೆಯಲಾರದೆ ಉಳಿದವಳು ನಾನು.

ಆ ರಾತ್ರಿ ಇಬ್ಬರೂ ಎಂದಿನಂತೆ ಜಪಸರ ಹಿಡಿದು ಕೂತೆವು. ಜಪಸರದಲ್ಲಿ 59 ಮಣಿ. ಮಗನ ಹೆಸರನ್ನೇ ತಡಕಾಡುವ ಅತ್ತೆ ಒಂದು ಮಣಿಯನ್ನೂ ತಪ್ಪಿಸುವುದಿಲ್ಲ. ನನ್ನ ಬಾಯಿ ಪ್ರಾರ್ಥನೆ ಹೇಳುತ್ತಿತ್ತು, ಅಷ್ಟೆ. ಮನಸ್ಸು ಹೊಸ್ತಿಲ ಬಳಿಯೇ ಇತ್ತು.

ಅದೇ ಭಾನುವಾರ ಗುರುಗಳು ರೂತಳ ಕತೆ ಹೇಳಬೇಕೆ! ಬೈಬಲಿನ ಈ ಸೊಸೆ ಗಂಡ ಸತ್ತ ಮೇಲೂ ಅತ್ತೆ ನವೊಮಿಯ ಕೈಬಿಡಲಿಲ್ಲ. ತನ್ನ ಮೋವಾಬ್ ದೇಶ ತೊರೆದು ಅತ್ತೆಯ ಊರಾದ ಬೆತ್ಲೆಹೇಮಿಗೆ ಜೊತೆಯಲ್ಲಿ ಹೋದಳು. ಅಷ್ಟು ದೂರದ ದಾರಿಯಲ್ಲಿ ಅವಳು ಒಮ್ಮೆಯೂ ರೇಗಿರಲಾರಳೆ ಎಂದು ನನಗೊಂದು ಸಂಶಯ. ಬರೆದವರು ಅದನ್ನು ಬರೆದಿಲ್ಲ.

ದಾರಿ ತೋರಿಸಿದ್ದು ಎದುರುಮನೆಯವರು. ಮಂಗಳವಾರ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಬನಶಂಕರಿ ದೇವಸ್ಥಾನಕ್ಕೆ ತಪ್ಪದೆ ಹೋಗುವವರು ಅವರು. ನನ್ನ ಮುಖ ನೋಡಿ ಎಲ್ಲ ಕೇಳಿ ತಿಳಿದುಕೊಂಡು, "ಬಸ್ಸಿಗೆ ಹೇಗೂ ದುಡ್ಡು ಕೊಡೋ ಹಾಗಿಲ್ಲ. ಒಂದ್ಸಲ ಕರ್ಕೊಂಡು ಹೋಗ್ಬನ್ನಿ, ಅವರ ಆಸೆ ಯಾಕೆ ಉಳೀಬೇಕು?" ಎಂದರು. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲವಲ್ಲ. ನನಗೆ ಅಲ್ಲಿಯವರೆಗೆ ಅದು ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿಗೆ ಮಾತ್ರ ಉಪಯೋಗಕ್ಕೆ ಬಂದಿತ್ತು.

2024ರ ಪಾಸ್ಕ ಹಬ್ಬ ಕಳೆದ ಮೇಲೆ, ಏಪ್ರಿಲ್ ತಿಂಗಳ ಒಂದು ಬೆಳಗ್ಗೆ, ಚಿತ್ರಾನ್ನ ಮೊಸರನ್ನದ ಡಬ್ಬಿ ಕಟ್ಟಿಕೊಂಡು ಹೊರಟೆವು. ಮೆಜೆಸ್ಟಿಕ್‌ನಲ್ಲಿ ಹಾಸನದ ಬಸ್ಸು ಹತ್ತಿದೆವು. ಕಂಡಕ್ಟರ್ "ಅಜ್ಜಿ, ಆಧಾರ್ ತೋರ್ಸಿ" ಎಂದಾಗ ಅತ್ತೆ ಸೊಂಟದ ಚೀಲದಿಂದ ಜಪಸರ ತೆಗೆದು ಮುಂದೆ ಹಿಡಿದರು. "ನಂಗೆ ಇರೋದು ಇದೊಂದೇ ಆಧಾರ ಕಣಪ್ಪ." ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ, ಹಾಗೆ ನಕ್ಕು ಎಷ್ಟು ದಿನವಾಗಿತ್ತೋ! ಎಡಿಯೂರು ಬಂದಾಗ ಪಕ್ಕದ ಸೀಟಿನ ಹೆಂಗಸು ಸಿದ್ಧಲಿಂಗೇಶ್ವರನಿಗೆ ಕೈಮುಗಿದರು. ಅವರನ್ನು ನೋಡಿ ಅತ್ತೆ ಶಿಲುಬೆಯ ಗುರುತು ಹಾಕಿಕೊಂಡರು. ಕಿಟಕಿಯ ಗಾಳಿಗೆ ಅವರ ಬೆಳ್ಳಿಗೂದಲು ಹಾರುತ್ತಿತ್ತು.

ಹಾಸನದಿಂದ ಆಟೋ ಮಾಡಿಕೊಂಡೆವು. ಶೆಟ್ಟಿಹಳ್ಳಿಯ ಚರ್ಚು ಜಪಮಾಲೆ ಮಾತೆಯದು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗಾರೆಗೆ ಬೆಲ್ಲ, ಮೊಟ್ಟೆ ಸೇರಿಸಿದ್ದರೆಂದು ಹೇಳುವುದುಂಟು. (ಎಷ್ಟು ಮೊಟ್ಟೆ ಒಡೆದಿರಬಹುದು, ಒಡೆದ ಹೆಂಗಸರು ಯಾರು ಎಂದು ನನಗೆ ಕುತೂಹಲ!) ಮಳೆಗಾಲದಲ್ಲಿ ಹಿನ್ನೀರು ಏರಿ ಚರ್ಚು ಅರ್ಧಂಬರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ಪೂರ್ತಿ ನೆಲದ ಮೇಲೆ ನಿಲ್ಲುತ್ತದೆ. ಈಗ ಮೇಲೆ ಸೂರಿಲ್ಲ. ಎತ್ತರದ ಕಮಾನುಗಳು, ಬಿರಿದ ಗೋಡೆಗಳು, ಅವುಗಳ ನಡುವೆ ಬರೀ ಆಕಾಶ. ನೀವು ಹೋಗುವುದಾದರೆ ಕೊಡೆ, ಕುಡಿಯುವ ನೀರು ಮರೆಯಬೇಡಿ, ನೆರಳು ಕಡಿಮೆ. ಗೋಡೆಗೆ ಒರಗಬೇಡಿ.

1962ರಲ್ಲಿ ಅತ್ತೆಯ ಮದುವೆಯಾದದ್ದು ಇಲ್ಲೇ. ದಾರಿಯುದ್ದಕ್ಕೂ ನಾನು ಆ ಗಳಿಗೆಯನ್ನೇ ಕಲ್ಪಿಸಿಕೊಂಡು ಬಂದಿದ್ದೆ. ನೋಡುತ್ತಾರೆ, ಗುರುತು ಹಿಡಿಯುತ್ತಾರೆ, ಅಳುತ್ತಾರೆ, ನನ್ನ ತಪ್ಪು ಕಳೆಯುತ್ತದೆ ಎಂದು. ಅವರು ತಲೆಯೆತ್ತಿ ಸುಮಾರು ಹೊತ್ತು ನೋಡಿದರು. "ಯಾರ ಮನೆಯಮ್ಮ ಇದು? ಪಾಪ, ಸೂರು ಹಾಕಿಸೋಕೆ ಕೈಯಲ್ಲಿ ಕಾಸಿಲ್ಲ ಅನ್ಸುತ್ತೆ," ಎಂದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗೋಡೆಯಿಂದ ದೂರ ಕೊಡೆ ಬಿಡಿಸಿ ಬೆಡ್‌ಶೀಟ್ ಹಾಸಿದೆ. ಊಟವಾದ ಮೇಲೆ ಅತ್ತೆ ತಾವಾಗಿಯೇ ಜಪಸರ ತೆಗೆದರು. ಕಮಾನಿನಿಂದ ಕಮಾನಿಗೆ ಹಕ್ಕಿಗಳು ಹಾರುತ್ತಿದ್ದವು, ಆಚೆ ದನ ಮೇಯುತ್ತಿದ್ದವು. ಆವತ್ತು ನನ್ನ ಮನಸ್ಸು ಮಣಿಯ ಜೊತೆಗೇ ನಡೆಯಿತು. ಮುಗಿಸಿ ಶಿಲುಬೆಗೆ ಮುತ್ತಿಟ್ಟು ಅತ್ತೆ ನನ್ನ ಕಡೆ ತಿರುಗಿದರು. "ನೀನು ಯಾರ ಮಗಳಮ್ಮ? ಚಿತ್ರಾನ್ನ ಚೆನ್ನಾಗಿತ್ತು. ನಿಮ್ಮತ್ತೆ ಪುಣ್ಯವಂತೆ."

"ಅತ್ತೆ ಮೇಲೆ ಒಂದಿನ ಕೂಗಾಡಿಬಿಟ್ಟಿದ್ದೀನಿ," ಎಂದೆ. ಯಾರಿಗೂ ಹೇಳದ ಮಾತು ಅವರೆದುರಿಗೇ ಬಾಯಿಗೆ ಬಂತು.

"ಬಿಡು," ಎಂದರು. "ದೇವರು ಅಷ್ಟಕ್ಕೆಲ್ಲ ಲೆಕ್ಕ ಇಡ್ತಾನಾ? ಅವಳೂ ಮರೆತಿರ್ತಾಳೆ."

ರಾತ್ರಿ ಹತ್ತಕ್ಕೆ ಜಯನಗರ ಸೇರಿದೆವು. ಮಾರನೆಯ ಸಂಜೆ ಐದೂವರೆಗೆ ಕಾಫಿ ಲೋಟ ಕೆಳಗಿಟ್ಟು ಅತ್ತೆ ಎದ್ದು ನಿಂತರು. "ನಡಿಯಮ್ಮ, ಊರಿಗೆ ಹೋಗೋಣ." ಒಲೆ ಆರಿಸಿ ಅವರ ಚಪ್ಪಲಿ ತಂದಿಟ್ಟೆ. ಈಗ ದಿನವೂ ಅಷ್ಟೆ. ಕೈ ಹಿಡಿದುಕೊಂಡು ಪಾರ್ಕಿಗೆ ಒಂದು ಸುತ್ತು ಹಾಕುತ್ತೇವೆ, ಎದುರುಮನೆಯವರು ಸಿಕ್ಕರೆ ಅರ್ಧ ದಾರಿ ಜೊತೆ ಬರುತ್ತಾರೆ. ನಮ್ಮ ಗೇಟಿನ ಮುಂದೆ ಬಂದು ನಿಂತಾಗ ಅತ್ತೆ, "ಬಂತಾ ಊರು?" ಎನ್ನುತ್ತಾರೆ.

"ಬಂತು ಅತ್ತೆ," ಎನ್ನುತ್ತೇನೆ. ಒಳಗೆ ಬಂದು ಇನ್ನೊಂದು ಲೋಟ ಕಾಫಿ ಕೇಳುತ್ತಾರೆ.